ಮುಂದೇನಾಗತದ ಅಂತ ಕೇಳಬ್ಯಾಡ್ರಿ, ಏನೇನಾಗಬಹುದು ಅಂತ ಬರೆದಿಟ್ಕೊಳ್ರಿ: ಬಿಕಾಂ ಹುಡುಗರಿಗೂ ಕಾಲುವೆ ರೈತರಿಗೂ ಬೇಕಾದ 'ಸಿನಾರಿಯೊ ಪ್ಲಾನಿಂಗ್'

ಸಂತೆಕಲ್ಲೂರು: ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದಲ್ಲಿ ಸಾಲ ಮಾಡುವಾಗ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ. 'ಮಳಿ ಚಲೋ ಆದ್ರ ಮುಗೀತು, ಸುಗ್ಗಿಗೆ ತೀರಿಸಿಬಿಡ್ತೀನಿ.' ಟ್ರ್ಯಾಕ್ಟರ್ ತಗೊಳ್ಳೋನೂ ಇದನ್ನೇ ಹೇಳ್ತಾನೆ, ಗೊಬ್ಬರದ ಅಂಗಡಿ ಇಡೋನೂ ಇದನ್ನೇ ಹೇಳ್ತಾನೆ. ಮಳೆ ಆದರೆ ನೀರು, ನೀರಿದ್ದರೆ ಬೆಳೆ, ಬೆಳೆ ಬಂದರೆ ರೊಕ್ಕ. ಲೆಕ್ಕ ನೇರ ಐತಿ ಅನ್ನಿಸುತ್ತದೆ.

ಆದರೆ 2023ರಿಂದ 2025ರವರೆಗಿನ ಮೂರು ವರ್ಷ ನೋಡಿ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕು ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ತುಂಗಭದ್ರಾ ಜಲಾಶಯ ತುಂಬಲಿಲ್ಲ, ಎಡದಂಡೆ ಕಾಲುವೆಯ ರೈತರಿಗೆ ಎರಡನೇ ಬೆಳೆ ಭತ್ತಕ್ಕೆ ನೀರು ಸಿಗಲಿಲ್ಲ.

2024ರಲ್ಲಿ ಮಳೆ ಚಲೋ ಆಯಿತು, ಜಲಾಶಯ ತುಂಬಿತು. ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಕೊಂಡು ಹೋಯಿತು. ಮುಗೀತು ಈ ವರ್ಷ ಅಂತ ಎಲ್ಲರೂ ತಲೆ ಮೇಲೆ ಕೈ ಇಟ್ಟುಕೊಂಡರು. ಒಂದೇ ವಾರದಲ್ಲಿ ತಾತ್ಕಾಲಿಕ ಗೇಟ್ ಕೂರಿಸಿದರು, ಮತ್ತೆ ಮಳೆ ಬಂತು, ಜಲಾಶಯ ಮತ್ತೆ ತುಂಬಿತು, ಎರಡನೇ ಬೆಳೆಗೂ ನೀರು ಬಂತು.

2025ರಲ್ಲಿ ಮಳೆಗೆ ಕೊರತೆ ಇರಲಿಲ್ಲ. ಆದರೆ ಗೇಟುಗಳು ಹಳೆಯವು, ಭದ್ರ ಇಲ್ಲ ಅಂತ ನೀರು ನಿಲ್ಲಿಸುವುದನ್ನೇ 80 ಟಿಎಂಸಿಗೆ ಮಿತಿಗೊಳಿಸಿದರು. ಎಲ್ಲ 33 ಗೇಟ್ ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರು ಬಿಡಲ್ಲ ಅಂತ ತೀರ್ಮಾನ ಆಯಿತು. ಮಳೆ ಬಂದರೂ ನೀರು ಬರಲಿಲ್ಲ!

ಮೂರು ವರ್ಷ, ಮೂರು ಬೇರೆ ಬೇರೆ ಕಥೆ. 'ಮಳಿ ಚಲೋ ಆದ್ರ' ಅನ್ನೋ ಒಂದೇ ಲೆಕ್ಕದ ಮೇಲೆ ಸಾಲ ಮಾಡಿದವರಿಗೆ ಮೊದಲ ವರ್ಷ ಏಟು ಬಿತ್ತು, ಎರಡನೇ ವರ್ಷ ಎದೆ ಒಡೆದು ಮತ್ತೆ ಕೂಡಿತು, ಮೂರನೇ ವರ್ಷ ಮತ್ತೆ ಏಟು. ಇಂಥ ಪರಿಸ್ಥಿತಿಯಲ್ಲಿ ವ್ಯವಹಾರದ ತೀರ್ಮಾನ ಹೇಗೆ ತಗೋಬೇಕು ಅನ್ನೋದಕ್ಕೆ ದೊಡ್ಡ ದೊಡ್ಡ ಬಿಸಿನೆಸ್ ಕಾಲೇಜುಗಳಲ್ಲಿ ಒಂದು ಪಾಠ ಇದೆ. ಅದರ ಹೆಸರು ಭವಿಷ್ಯ ಅಧ್ಯಯನ. ಅದರೊಳಗಿನ ಮುಖ್ಯ ಸಾಧನ ಸಿನಾರಿಯೊ ಪ್ಲಾನಿಂಗ್, ಕನ್ನಡದಲ್ಲಿ ಸನ್ನಿವೇಶ ಯೋಜನೆ ಅನ್ನೋಣ. ಹೆಸರು ಕೇಳಿ ಹೆದರಬೇಡಿ, ಒಂದು ಪೆನ್ನು, ಒಂದು ನೋಟ್‌ಬುಕ್ ಇದ್ದರೆ ಸಾಕು.

ಇದು ಭವಿಷ್ಯ ಹೇಳೋದಲ್ಲ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ನಮ್ಮ ಕಡೆಯಿಂದಲೂ ಜನ ಹೋಗ್ತಾರೆ. ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುತ್ತಾರೆ, ಒಂದೇ ಸಾಲು. ಆ ಸಾಲಿಗೆ ರೈತರು ಒಂದು ಅರ್ಥ ಮಾಡ್ತಾರೆ, ರಾಜಕಾರಣಿಗಳು ಇನ್ನೊಂದು ಅರ್ಥ ಮಾಡ್ತಾರೆ. ಅದು ನಂಬಿಕೆಯ ವಿಷಯ, ಅದರ ಜಾಗದಲ್ಲಿ ಅದು ಇರಲಿ. ಸನ್ನಿವೇಶ ಯೋಜನೆ ಅದಲ್ಲ. ಅದು 'ಹೀಗೇ ಆಗತದ' ಅಂತ ಹೇಳೋದೇ ಇಲ್ಲ.

ಮೂರು ವಿಷಯ ಬೇರೆ ಬೇರೆ ಮಾಡಿ ನೋಡಬೇಕು.

ಒಂದು, ಅಂದಾಜು. ಹಿಂದಿನ ಐದಾರು ವರ್ಷದ ಅಂಕಿ ತಗೊಂಡು, ಅದೇ ಗೆರೆಯನ್ನ ಮುಂದಕ್ಕೆ ಎಳೆಯೋದು. ಬಿಕಾಂನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದವರಿಗೆ ಟೈಮ್ ಸೀರೀಸ್, ಟ್ರೆಂಡ್ ಲೈನ್ ಗೊತ್ತಿರುತ್ತದೆ. ನಾಳೆಯೂ ನಿನ್ನೆ ತರಾನೇ ಇದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಎರಡು, ಆಸೆ. ನಾವು ಎಲ್ಲಿ ಮುಟ್ಟಬೇಕು ಅನ್ನೋದು. 1996ರಲ್ಲಿ ಟೈಫ್ಯಾಕ್ ಸಂಸ್ಥೆ ಅಬ್ದುಲ್ ಕಲಾಂ ಅವರ ಮುಂದಾಳತ್ವದಲ್ಲಿ 'ಟೆಕ್ನಾಲಜಿ ವಿಷನ್ 2020' ಅಂತ ವರದಿಗಳನ್ನ ತಂದಿತಲ್ಲ, ಅದು ಈ ಜಾತಿಯದು. ದೇಶ 2020ಕ್ಕೆ ಹೇಗಿರಬೇಕು ಅನ್ನೋ ಗುರಿ ಅದು. 2020ರಲ್ಲಿ ಕೊರೊನಾ ಬರುತ್ತದೆ ಅಂತ ಹೇಳುವ ಕೆಲಸ ಅದರದ್ದಲ್ಲ.

ಮೂರು, ಸನ್ನಿವೇಶ. ನಮ್ಮ ಕೈಯಲ್ಲಿ ಇಲ್ಲದ ಸಂಗತಿಗಳು ಯಾವ್ಯಾವ ದಿಕ್ಕಿಗೆ ತಿರುಗಬಹುದು ಅಂತ ನೋಡಿ ಮೂರ್ನಾಲ್ಕು ಬೇರೆ ಬೇರೆ ನಾಳೆಗಳನ್ನ ಬರೆಯೋದು. ಆಮೇಲೆ ನಮ್ಮ ತೀರ್ಮಾನ ಒಂದೊಂದರಲ್ಲೂ ಉಳಿಯುತ್ತದೋ ಮುಳುಗುತ್ತದೋ ಅಂತ ಪರೀಕ್ಷೆ ಮಾಡೋದು. ಯಾವುದು ನಿಜ ಆಗುತ್ತದೆ ಅಂತ ಬಾಜಿ ಕಟ್ಟೋದಲ್ಲ, ಯಾವುದು ಬಂದರೂ ಮನೆ ಮಾರುವಂಗ ಆಗಬಾರದು ಅನ್ನೋದು ಇದರ ಉದ್ದೇಶ.

ಎಣ್ಣೆ ಕಂಪನಿ ಕಲಿಸಿದ ಪಾಠ

ಈ ವಿಧಾನ ಹುಟ್ಟಿದ್ದು ಅಮೆರಿಕದ ರಾಂಡ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ. 1950ರ ದಶಕದಲ್ಲಿ ಅಲ್ಲಿದ್ದ ಹರ್ಮನ್ ಕಾನ್, ಅಣುಬಾಂಬಿನ ಯುದ್ಧ ಆದರೆ ಏನೇನಾಗಬಹುದು ಅಂತ ಕಥೆಗಳ ರೂಪದಲ್ಲಿ ಬರೆದು ಯೋಚಿಸುತ್ತಿದ್ದ. 'ಸಿನಾರಿಯೊ' ಅನ್ನೋ ಶಬ್ದ ಬಂದಿದ್ದು ಸಿನಿಮಾದವರಿಂದ. ಚಿತ್ರಕಥೆಯ ಹಂದರಕ್ಕೆ ಅವರು ಹಾಗೆ ಕರೀತಿದ್ದರು.

ಇದನ್ನ ವ್ಯಾಪಾರಕ್ಕೆ ತಂದವರಲ್ಲಿ ದೊಡ್ಡ ಹೆಸರು ಪಿಯರ್ ವಾಕ್. ಫ್ರಾನ್ಸ್ ದೇಶದವನು, ಶೆಲ್ ಎಣ್ಣೆ ಕಂಪನಿಯ ಯೋಜನಾ ವಿಭಾಗದಲ್ಲಿದ್ದ. ಆ ಕಾಲದಲ್ಲಿ ಕಚ್ಚಾ ಎಣ್ಣೆ ಅಗ್ಗ, ಬೇಡಿಕೆ ವರ್ಷ ವರ್ಷ ಏರುತ್ತಿತ್ತು. ಎಲ್ಲ ಕಂಪನಿಗಳೂ ಅದೇ ಗೆರೆಯನ್ನ ಮುಂದಕ್ಕೆ ಎಳೆದು ಹಡಗು, ರಿಫೈನರಿ ಕಟ್ಟುತ್ತಿದ್ದವು. 1972ರಲ್ಲಿ ವಾಕ್ ಮತ್ತು ಅವನ ತಂಡ ಕಂಪನಿಯ ದೊಡ್ಡವರ ಮುಂದೆ ಬೇರೆ ಕಥೆ ಇಟ್ಟರು. ಎಣ್ಣೆ ಇರೋ ದೇಶಗಳು ಹೆಚ್ಚು ತೆಗೆಯಲು ಒಪ್ಪದಿದ್ದರೆ? ದರ ಅವರೇ ನಿಗದಿ ಮಾಡಿದರೆ? ಆಗ ನಾವು ಏನು ಮಾಡ್ತೀವಿ?

1973ರ ಅಕ್ಟೋಬರ್‌ನಲ್ಲಿ ಅರಬ್-ಇಸ್ರೇಲ್ ಯುದ್ಧ ಶುರುವಾಯಿತು. ಅರಬ್ ದೇಶಗಳು ಎಣ್ಣೆ ಬಿಗಿ ಹಿಡಿದವು. ಬ್ಯಾರಲ್ಲಿಗೆ 3 ಡಾಲರ್ ಆಸುಪಾಸು ಇದ್ದ ದರ 1974ರ ಜನವರಿ ಹೊತ್ತಿಗೆ 11 ಡಾಲರ್ ದಾಟಿತು. ಯುದ್ಧ ಯಾವ ದಿನ ಶುರುವಾಗುತ್ತದೆ ಅಂತ ಶೆಲ್‌ಗೂ ಗೊತ್ತಿರಲಿಲ್ಲ. ಆದರೆ ಅಂಥ ನಾಳೆಯನ್ನ ಅವರು ಕಾಗದದ ಮೇಲೆ ಒಮ್ಮೆ ಬದುಕಿ ನೋಡಿದ್ದರು. ಹಾಗಾಗಿ ಬೇರೆಯವರು ಕಣ್ಣು ಉಜ್ಜಿಕೊಳ್ಳುವಾಗ ಅವರು ತಿರುಗಿಕೊಂಡರು ಅಂತ ಇವತ್ತಿಗೂ ಬಿಸಿನೆಸ್ ತರಗತಿಗಳಲ್ಲಿ ಹೇಳ್ತಾರೆ.

1985ರಲ್ಲಿ ವಾಕ್ ಈ ಅನುಭವವನ್ನ 'ಹಾರ್ವರ್ಡ್ ಬಿಸಿನೆಸ್ ರಿವ್ಯೂ' ಪತ್ರಿಕೆಯಲ್ಲಿ ಎರಡು ಲೇಖನ ಮಾಡಿ ಬರೆದ. ಅದರಲ್ಲಿ ಅವನು ಕೊಡೋ ಉದಾಹರಣೆ ನಮ್ಮ ದೇಶದ್ದೇ, ಗಂಗಾ ನದಿಯದು. ಮೇಲೆ ಹಿಮಾಲಯದ ಬುಡದಲ್ಲಿ ಭಾರೀ ಮುಂಗಾರು ಮಳೆ ಬಿದ್ದಾಗಿದೆ ಅಂದರೆ, ಕೆಲವೇ ದಿನಗಳಲ್ಲಿ ಕೆಳಗೆ ಕಾಶಿಯಲ್ಲಿ ನೀರು ಏರೋದು ಖಚಿತ. ಅದು ಭವಿಷ್ಯವಾಣಿ ಅಲ್ಲ, ಆಗಲೇ ಆಗಿಹೋದ ಸಂಗತಿಯ ಫಲ ಅಷ್ಟೆ.

ಇದು ನಮಗೆ ಹೊಸದೇನಲ್ಲ. ಆಗುಂಬೆ, ತೀರ್ಥಹಳ್ಳಿ ಕಡೆ ಮಳೆ ಹೊಡೆದು ಗಾಜನೂರು ಡ್ಯಾಮ್ ತುಂಬಿತು ಅಂತ ಮೊಬೈಲಿನಲ್ಲಿ ಸುದ್ದಿ ಬಂದ ಕೂಡಲೇ, 'ಇನ್ನ ಹೊಸಪೇಟಿಗೆ ನೀರು ಬಂತು' ಅಂತ ಇಲ್ಲಿ ಲೆಕ್ಕ ಹಾಕ್ತೀವಿ. ವಾಕ್ ಹೇಳಿದ್ದು ಅದನ್ನೇ: ಖಚಿತವಾದದ್ದನ್ನ ಒಂದು ಕಡೆ ಇಡು, ಅನಿಶ್ಚಿತವಾದದ್ದನ್ನ ಇನ್ನೊಂದು ಕಡೆ ಇಡು. ಎರಡನ್ನೂ ಕಲಸಬೇಡ.

ಸಂತೆಕಲ್ಲೂರಿನ ಒಬ್ಬ ಹುಡುಗ, ಒಂದು ಮಷಿನ್

ಈಗ ನಮ್ಮ ಊರಿನ ಲೆಕ್ಕಕ್ಕೆ ಬರೋಣ. ಇದು ಪಾಠಕ್ಕಾಗಿ ಮಾಡಿಕೊಂಡ ಉದಾಹರಣೆ, ಅಂಕಿಗಳೂ ಲೆಕ್ಕಕ್ಕಾಗಿ ಹಿಡಿದವು. ನಿಮ್ಮ ಅಂಕಿ ಹಾಕಿ ನೀವು ಬದಲಿಸಿಕೊಳ್ಳಿ.

ಸಂತೆಕಲ್ಲೂರಿನ ಒಬ್ಬ ಹುಡುಗ ಡಿಗ್ರಿ ಮುಗಿಸಿದ್ದಾನೆ. ಬೆಂಗಳೂರಿಗೆ ಹೋಗಲು ಮನಸ್ಸಿಲ್ಲ. ಭತ್ತ ಕೊಯ್ಯುವ ಹಾರ್ವೆಸ್ಟರ್ ತಗೊಂಡು ಮಸ್ಕಿ, ಸಿಂಧನೂರು ಭಾಗದ ಕಾಲುವೆ ಊರುಗಳಲ್ಲಿ ಬಾಡಿಗೆಗೆ ಓಡಿಸಬೇಕು ಅಂತಿದ್ದಾನೆ. ಹೊಸ ಮಷಿನ್‌ಗೆ 20 ಲಕ್ಷ ಸಾಲ. ಬಡ್ಡಿ ಶೇ 11, ಅವಧಿ 5 ವರ್ಷ ಅಂದರೆ ವರ್ಷಕ್ಕೆ ಸುಮಾರು 5.2 ಲಕ್ಷ ಕಂತು. ಡೀಸೆಲ್, ಡ್ರೈವರ್ ಖರ್ಚು ಕಳೆದು ಗಂಟೆಗೆ 1,200 ರೂಪಾಯಿ ಉಳಿಯುತ್ತದೆ ಅಂತ ಹಿಡಿಯೋಣ. ಒಂದು ಸುಗ್ಗಿಗೆ 300 ಗಂಟೆ, ಎರಡು ಸುಗ್ಗಿಗೆ 600 ಗಂಟೆ. ಅಲ್ಲಿಗೆ 7.2 ಲಕ್ಷ. ಕಂತು ಕಟ್ಟಿ 2 ಲಕ್ಷ ಕೈಯಲ್ಲಿ. ಬ್ಯಾಂಕಿನವರೂ ಒಪ್ಪುತ್ತಾರೆ, ಮನೆಯವರೂ ಒಪ್ಪುತ್ತಾರೆ.

ಇಲ್ಲಿಯವರೆಗೆ ಇದು ಅಂದಾಜು. ಈಗ ಸನ್ನಿವೇಶದ ಹೆಜ್ಜೆಗಳು.

ಮೊದಲ ಹೆಜ್ಜೆ: ಪ್ರಶ್ನೆ ಸ್ಪಷ್ಟ ಮಾಡಿಕೊಳ್ಳಬೇಕು. 'ರೈತರ ಭವಿಷ್ಯ ಏನು' ಅನ್ನೋ ದೊಡ್ಡ ಪ್ರಶ್ನೆ ಬೇಡ. 'ಮುಂದಿನ 5 ವರ್ಷ ಈ ಮಷಿನ್ ತನ್ನ ಕಂತು ತಾನು ಕಟ್ಟುತ್ತದಾ?' ಇಷ್ಟು ಸಾಕು.

ಎರಡನೇ ಹೆಜ್ಜೆ: ಹೊರಗಿನ ಶಕ್ತಿಗಳ ಪಟ್ಟಿ. ಸಮಾಜ, ತಂತ್ರಜ್ಞಾನ, ಹಣಕಾಸು, ಪರಿಸರ, ರಾಜಕೀಯ ಅಂತ ಐದು ತಲೆಬರಹ ಹಾಕಿ ಬರೆಯೋದು ರೂಢಿ. ಕೂಲಿ ಆಳು ಸಿಗೋದು ಕಷ್ಟ ಆಗಿದೆಯಾ? ಬಾಡಿಗೆ ಮಷಿನ್ ಹೊರಗಿನಿಂದ ಎಷ್ಟು ಬರ್ತಾವೆ? ಬಡ್ಡಿ, ಡೀಸೆಲ್ ದರ? ಜಲಾಶಯದ ನೀರು? ದಿಲ್ಲಿಯ ಆದೇಶ?

ದಿಲ್ಲಿ ಯಾಕೆ ಅಂತೀರಾ? 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿತು. ಅದನ್ನ ತೆರವು ಮಾಡಿದ್ದು 2024ರ ಸೆಪ್ಟೆಂಬರ್ 28ಕ್ಕೆ. ಹತ್ತಿ ವಿಷಯವೂ ಹೀಗೇ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ 50 ಸುಂಕ ಹಾಕಿದ ಹೊತ್ತಲ್ಲೇ, ಕೇಂದ್ರ ಹತ್ತಿ ಆಮದಿನ ಮೇಲಿದ್ದ ಶೇ 11 ಸುಂಕವನ್ನ ವರ್ಷದ ಕೊನೆವರೆಗೆ ತೆಗೆದುಹಾಕಿತು. ಸಹಿ ಬಿದ್ದದ್ದು ದಿಲ್ಲಿಯಲ್ಲಿ, ಅದರ ಮಾತು ನಡೆದದ್ದು ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ.

ಮೂರನೇ ಹೆಜ್ಜೆ: ಖಚಿತವಾದದ್ದು ಬೇರೆ, ಅನಿಶ್ಚಿತವಾದದ್ದು ಬೇರೆ. ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105 ಟಿಎಂಸಿ. ಆ ಹೂಳು ತಾನಾಗಿ ಹೋಗಲ್ಲ, ಇದು ಖಚಿತ. ಅದಕ್ಕೆ ಬದಲಿಯಾಗಿ ನವಲಿ ಹತ್ತಿರ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾವ ಇದೆ, ಅದಕ್ಕೆ ಆಂಧ್ರ, ತೆಲಂಗಾಣದ ಒಪ್ಪಿಗೆಯೂ ಬೇಕು. ಅದು ಯಾವಾಗ ಆಗುತ್ತದೆ ಅನ್ನೋದು ಅನಿಶ್ಚಿತ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕು ಅಂತ ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತರು, 2021ರ ಮಸ್ಕಿ ಉಪಚುನಾವಣೆಯಲ್ಲಿ ಅದೇ ದೊಡ್ಡ ಮಾತಾಯಿತು. ಬೇಡಿಕೆ ಇರೋದು ಖಚಿತ, ನೀರು ಹರಿಯೋದು ಅನಿಶ್ಚಿತ. ಭರವಸೆಯನ್ನ ಖಚಿತದ ಪಟ್ಟಿಗೆ ಹಾಕಬಾರದು. ಇದೇ ಈ ಪಾಠದ ಅರ್ಧ ಭಾಗ.

ನಾಲ್ಕನೇ ಹೆಜ್ಜೆ: ಅನಿಶ್ಚಿತ ಪಟ್ಟಿಯಿಂದ ನಮ್ಮ ಪ್ರಶ್ನೆಗೆ ಅತಿ ಹೆಚ್ಚು ಏಟು ಕೊಡುವ ಎರಡನ್ನ ಮಾತ್ರ ಆರಿಸೋದು. ಹಾರ್ವೆಸ್ಟರ್ ಹುಡುಗನಿಗೆ ಮೊದಲನೆಯದು ಕಾಲುವೆ ನೀರು: ಎರಡು ಬೆಳೆಗಾ, ಒಂದೇ ಬೆಳೆಗಾ? ಎರಡನೆಯದು ಭತ್ತದ ದರ: ರೈತ ಭತ್ತದಲ್ಲೇ ನಿಲ್ಲುತ್ತಾನಾ, ಅರ್ಧ ಹೊಲ ಬೇರೆ ಬೆಳೆಗೆ ಹೋಗುತ್ತದಾ? ಒಂದು ಗೆರೆ ಅಡ್ಡ, ಒಂದು ಗೆರೆ ಉದ್ದ ಎಳೆದರೆ ನಾಲ್ಕು ಮನೆ ಆಗುತ್ತವೆ.

'ತುಂಬಿದ ಕಣಜ': ಎರಡು ಬೆಳೆ ನೀರು, ಭತ್ತದ ದರ ಚಲೋ. 600 ಗಂಟೆ ಕೆಲಸ.

'ಒಂದೇ ಸುಗ್ಗಿ': ಒಂದೇ ಬೆಳೆಗೆ ನೀರು, ಎಲ್ಲರೂ ಭತ್ತವೇ. 300 ಗಂಟೆ.

'ಹೊಲ ಬದಲಿ': ಎರಡು ಬೆಳೆ ನೀರಿದೆ, ಆದರೆ ದರ ಬಿದ್ದು ಅರ್ಧ ಜನ ಬೇರೆ ಬೆಳೆಗೆ ಹೋದರು. ಎರಡು ಸುಗ್ಗಿ ಸೇರಿ 300 ಗಂಟೆ.

'ಮರಳಿ ಜೋಳಕ್ಕೆ': ಒಂದೇ ಬೆಳೆಗೆ ನೀರು, ದರವೂ ಇಲ್ಲ. 150 ಗಂಟೆ.

ಹೆಸರು ಇಡೋದು ಆಟಕ್ಕಲ್ಲ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ಆಡಳಿತ ಕೊನೆಗೊಳ್ಳುವ ಹೊತ್ತಲ್ಲಿ, 1991-92ರಲ್ಲಿ, ಬೇರೆ ಬೇರೆ ಪಕ್ಷ, ಸಂಘಟನೆಗಳ 22 ಜನ ಮಾಂಟ್ ಫ್ಲೂರ್ ಎಂಬಲ್ಲಿ ಕೂತು ದೇಶದ ನಾಲ್ಕು ನಾಳೆಗಳನ್ನ ಬರೆದರು. ಮಣ್ಣಿನಲ್ಲಿ ತಲೆ ಹುಗಿದ ಉಷ್ಟ್ರಪಕ್ಷಿ, ಕುಂಟ ಬಾತುಕೋಳಿ, ಸೂರ್ಯನ ಹತ್ತಿರ ಹಾರಿ ಬಿದ್ದ ಇಕಾರಸ್, ನಿಧಾನಕ್ಕೆ ಎಲ್ಲರೂ ಒಟ್ಟಿಗೆ ಹಾರುವ ಫ್ಲೆಮಿಂಗೊ. ಹೆಸರು ಸುಲಭ ಇದ್ದಿದ್ದಕ್ಕೆ ಜನರ ಬಾಯಲ್ಲಿ ಚರ್ಚೆ ನಡೆಯಿತು. ನಮ್ಮ ಮನೆಯಲ್ಲೂ ಅಪ್ಪ, ಅವ್ವ, ಅಣ್ಣ ಕೂತು ಮಾತಾಡಬೇಕಾದರೆ 'ಸಿನಾರಿಯೊ ಬಿ' ಅಂದರೆ ಯಾರಿಗೂ ತಿಳಿಯಲ್ಲ. 'ಒಂದೇ ಸುಗ್ಗಿ ಆದ್ರ ಏನ್ ಮಾಡಣ?' ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಐದನೇ ಹೆಜ್ಜೆ: ತೀರ್ಮಾನವನ್ನ ನಾಲ್ಕೂ ಮನೆಯಲ್ಲಿ ಓಡಿಸಿ ನೋಡೋದು. ಹೊಸ ಮಷಿನ್: ತುಂಬಿದ ಕಣಜದಲ್ಲಿ 2 ಲಕ್ಷ ಉಳಿತಾಯ. ಒಂದೇ ಸುಗ್ಗಿ, ಹೊಲ ಬದಲಿ ಎರಡರಲ್ಲೂ 1.6 ಲಕ್ಷ ಕೊರತೆ. ಮರಳಿ ಜೋಳಕ್ಕೆ ಆದರೆ 3.4 ಲಕ್ಷ ಕೊರತೆ. ಅಂದರೆ ನಾಲ್ಕರಲ್ಲಿ ಒಂದೇ ಮನೆಯಲ್ಲಿ ಅವನು ಬದುಕುತ್ತಾನೆ.

ಈಗ ಬೇರೆ ದಾರಿ ನೋಡಿ. 10 ಲಕ್ಷ ಸಾಲದಲ್ಲಿ ಸೆಕೆಂಡ್ ಹ್ಯಾಂಡ್ ಮಷಿನ್. ಕಂತು ವರ್ಷಕ್ಕೆ 2.6 ಲಕ್ಷ. ರಿಪೇರಿ ಜಾಸ್ತಿ, ಹಾಗಾಗಿ ಗಂಟೆಗೆ 1,050 ಉಳಿಯುತ್ತದೆ ಅನ್ನೋಣ. ಕೆಟ್ಟು ನಿಲ್ಲೋದೂ ಜಾಸ್ತಿ, ಹಾಗಾಗಿ 600ರ ಬದಲು 400 ಗಂಟೆ, 300ರ ಬದಲು 200, 150ರ ಬದಲು 100. ತುಂಬಿದ ಕಣಜದಲ್ಲಿ 1.6 ಲಕ್ಷ ಉಳಿತಾಯ. ನಡುವಿನ ಎರಡರಲ್ಲಿ 50 ಸಾವಿರ ಕೊರತೆ. ಕೊನೆಯದರಲ್ಲಿ 1.55 ಲಕ್ಷ ಕೊರತೆ.

ಒಳ್ಳೆ ವರ್ಷ ಅವನು 40 ಸಾವಿರ ಕಡಿಮೆ ದುಡಿದ. ಆದರೆ ಕೆಟ್ಟ ವರ್ಷ ಅವನ ಏಟು ಅರ್ಧಕ್ಕಿಂತ ಕಡಿಮೆ ಆಯಿತು. ಆ 50 ಸಾವಿರ ಕೊರತೆಯನ್ನ ದಾವಣಗೆರೆ ಕಡೆಯ ಭದ್ರಾ ಕಾಲುವೆ ಊರಿಗೆ ಹೋಗಿ 50 ಗಂಟೆ ಹೆಚ್ಚಿಗೆ ಓಡಿಸಿದರೆ ತುಂಬಿಕೊಳ್ಳಬಹುದು. ಅಥವಾ ಮುಂಭಾಗ, ಜಾಲರಿ ಬದಲಿಸಿ ಬೇರೆ ಕಾಳಿಗೂ ಬಳಸಬಹುದಾದ ಮಾದರಿ ಆರಿಸಬಹುದು. ಅಥವಾ ಇಬ್ಬರು ಸೇರಿ ಪಾಲಿಗೆ ತಗೋಬಹುದು. ಕಂತನ್ನ ತಿಂಗಳಿಗಲ್ಲ, ಸುಗ್ಗಿಗೆ ಹೊಂದಿಸಿ ಕೊಡ್ರಿ ಅಂತ ಬ್ಯಾಂಕಿನಲ್ಲಿ ಸಹಿಗೆ ಮುಂಚೆಯೇ ಕೇಳಬಹುದು. ಸಹಿ ಆದಮೇಲೆ ಈ ಮಾತಿಗೆ ಬೆಲೆ ಇರಲ್ಲ.

ಆರನೇ ಹೆಜ್ಜೆ: ಸೂಚನೆಗಳು. ನಾವು ಯಾವ ಮನೆ ಕಡೆ ಹೊರಟಿದ್ದೀವಿ ಅಂತ ಮುಂಚೆ ತೋರಿಸುವ ಗುರುತುಗಳನ್ನ ಬರೆದಿಟ್ಟುಕೊಳ್ಳೋದು. ನೀರಾವರಿ ಸಲಹಾ ಸಮಿತಿ, ಅಂದರೆ ಐಸಿಸಿ ಸಭೆಯ ತೀರ್ಮಾನ. ಜಲಾಶಯದ ಒಳಹರಿವು. ಅಕ್ಕಿ ರಫ್ತಿನ ಆದೇಶ. ಬೆಂಬಲ ಬೆಲೆ. ಬೀಜದ ಅಂಗಡಿಯಲ್ಲಿ ಈ ಸಲ ಜನ ಕಡಲೆ, ಜೋಳದ ಬೀಜ ಹೆಚ್ಚು ಕೇಳ್ತಿದ್ದಾರಾ ಅನ್ನೋದು ದೊಡ್ಡ ಸೂಚನೆ. ಅದಕ್ಕೆ ಖರ್ಚೂ ಇಲ್ಲ, ಒಂದು ಚಹಾ ಕುಡಿದು ಅಂಗಡಿಯವರನ್ನ ಕೇಳಿದರಾಯಿತು.

ಇನ್ನೂ ಮೂರು ಸಾಧನ

ಭವಿಷ್ಯ ಅಧ್ಯಯನದಲ್ಲಿ ಸನ್ನಿವೇಶ ಒಂದೇ ಅಲ್ಲ.

ಡೆಲ್ಫಿ ವಿಧಾನ. ಇದೂ ರಾಂಡ್ ಸಂಸ್ಥೆಯದೇ. ಗ್ರೀಸ್‌ನ ಡೆಲ್ಫಿ ದೇವಸ್ಥಾನದಲ್ಲಿ ಹಿಂದೆ ಭವಿಷ್ಯ ನುಡಿಯುತ್ತಿದ್ದರು, ಅದರ ಹೆಸರು ಇಟ್ಟಿದ್ದಾರೆ. ಹೆಸರು ಮಾತ್ರ ಹಂಗ, ಕೆಲಸ ಬೇರೆ. ವಿಷಯ ಗೊತ್ತಿರುವ ಹತ್ತಾರು ಜನರಿಗೆ ಒಂದೇ ಪ್ರಶ್ನೆ ಕೊಟ್ಟು, ಹೆಸರು ಇಲ್ಲದೆ ಉತ್ತರ ಪಡೆಯೋದು. ಎಲ್ಲರ ಉತ್ತರ ಕೂಡಿಸಿ ಮತ್ತೆ ಎಲ್ಲರಿಗೂ ತೋರಿಸೋದು, 'ಈಗ ನಿಮ್ಮ ಅಭಿಪ್ರಾಯ ಬದಲಿಸ್ತೀರಾ' ಅಂತ ಕೇಳೋದು. ಎರಡು ಮೂರು ಸುತ್ತು. ಹೆಸರು ಯಾಕೆ ಬೇಡ? ನಮ್ಮ ಕಟ್ಟೆ ಪಂಚಾಯ್ತಿ ನೋಡಿದವರಿಗೆ ಗೊತ್ತು. ಊರ ಹಿರಿಯರು ಒಂದು ಮಾತು ಹೇಳಿದ ಮೇಲೆ ಉಳಿದವರು ಬಾಯಿ ಬಿಡಲ್ಲ. ಹೆಣ್ಣುಮಕ್ಕಳಂತೂ ಮೊದಲೇ ಬಿಡಲ್ಲ. ಚೀಟಿಯಲ್ಲಿ ಬರೆಸಿದರೆ ನಿಜ ಹೊರಬರುತ್ತದೆ.

ಭವಿಷ್ಯ ಚಕ್ರ. 1971ರಲ್ಲಿ ಜೆರೋಮ್ ಗ್ಲೆನ್ ಎಂಬವರು ರೂಪಿಸಿದ್ದು. ನಡುವೆ ಒಂದು ಘಟನೆ ಬರೆಯಿರಿ: 'ಎರಡನೇ ಬೆಳೆಗೆ ನೀರಿಲ್ಲ.' ಸುತ್ತ ಅದರ ನೇರ ಫಲ: ನಾಟಿ ಕೂಲಿ ಇಲ್ಲ, ಗೊಬ್ಬರ ಮಾರಾಟ ಇಲ್ಲ, ಮಿಲ್ಲಿಗೆ ಭತ್ತ ಇಲ್ಲ. ಅದರ ಸುತ್ತ ಮತ್ತೊಂದು ಸುತ್ತು: ಕೂಲಿ ಇಲ್ಲ ಅಂದರೆ ಗುಳೆ, ಗುಳೆ ಅಂದರೆ ಮಕ್ಕಳ ಶಾಲೆ ತಪ್ಪುತ್ತದೆ, ಕಿರಾಣಿ ಅಂಗಡಿಯ ಉದ್ರಿ ಬೆಳೆಯುತ್ತದೆ. ಭತ್ತದ ಹುಲ್ಲಿಲ್ಲ ಅಂದರೆ ದನದ ಮೇವಿಗೆ ತತ್ವಾರ. ಒಂದು ಎಕರೆ ಹೊಲ ಇಲ್ಲದವನಿಗೂ ಕಾಲುವೆ ನೀರು ಹೇಗೆ ಮುಟ್ಟುತ್ತದೆ ಅಂತ ಈ ಚಕ್ರ ತೋರಿಸುತ್ತದೆ.

ಹಿಮ್ಮುಖ ಯೋಜನೆ. ಮೊದಲು ಬೇಕಾದ ನಾಳೆ ಬರೆದು, ಅಲ್ಲಿಂದ ಹಿಂದಕ್ಕೆ ನಡೆಯೋದು. ಐದನೇ ವರ್ಷ ಮಷಿನ್ ಸಾಲ ತೀರಿರಬೇಕು. ಹಾಗಾದರೆ ಮೂರನೇ ವರ್ಷ ಎಷ್ಟು ಬಾಕಿ ಇರಬೇಕು? ಮೊದಲ ವರ್ಷ ಎಷ್ಟು ಕೂಡಿಡಬೇಕು? ಮದುವೆ ದಿನ ಗೊತ್ತು ಮಾಡಿ ಹಿಂದಕ್ಕೆ ಲೆಕ್ಕ ಹಾಕಿ ಚಪ್ಪರ, ಬಟ್ಟೆ, ಲಗ್ನಪತ್ರಿಕೆ ಮಾಡಿಸ್ತೀವಲ್ಲ, ಅದೇ ರೀತಿ.

ಕಾಲೇಜಿನಲ್ಲಿ ಇದಕ್ಕೆ ಜಾಗ ಎಲ್ಲಿ?

ಫಿನ್ಲೆಂಡ್ ದೇಶದಲ್ಲಿ ಟುರ್ಕು ಸ್ಕೂಲ್ ಆಫ್ ಎಕನಾಮಿಕ್ಸ್ ಅನ್ನೋ ವಾಣಿಜ್ಯ ಕಾಲೇಜಿನಲ್ಲೇ 1992ರಲ್ಲಿ ಭವಿಷ್ಯ ಸಂಶೋಧನಾ ಕೇಂದ್ರ ಶುರು ಮಾಡಿದರು. ಈಗ ಅದು ಟುರ್ಕು ವಿಶ್ವವಿದ್ಯಾಲಯದ ಭಾಗ, ಅಲ್ಲಿ ಈ ವಿಷಯದಲ್ಲಿ ಸ್ನಾತಕೋತ್ತರ ಪದವಿಯೇ ಇದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಕಂಪನಿ ಮುಖ್ಯಸ್ಥರಿಗೆ ಸನ್ನಿವೇಶ ಯೋಜನೆಯ ತರಬೇತಿ ಕೊಡ್ತಾರೆ. ಅಂದರೆ ಕೋಟಿಗಟ್ಟಲೆ ಬಂಡವಾಳ ಇದ್ದವರು ಇದನ್ನ ಫೀ ಕಟ್ಟಿ ಕಲೀತಾರೆ. ಹತ್ತು ಲಕ್ಷ ಸಾಲಕ್ಕೆ ಹೊಲ ಅಡ ಇಡುವ ನಮ್ಮ ಹುಡುಗರಿಗೆ ಇದು ಇನ್ನೂ ಹೆಚ್ಚು ಬೇಕು. ದೊಡ್ಡ ಕಂಪನಿ ಒಂದು ತಪ್ಪು ತೀರ್ಮಾನ ತಡಕೊಳ್ಳುತ್ತದೆ, ಒಂದು ಮನೆ ತಡಕೊಳ್ಳಲ್ಲ.

ಡಿಗ್ರಿ ಹುಡುಗರಿಗೆ ಅನಿಶ್ಚಿತತೆ ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ. 2021ರಲ್ಲಿ ಹೊಸ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಒಂದೇ ಮನೆಯ ಅಣ್ಣನಿಗೆ ಒಂದು ಸಿಲೆಬಸ್, ತಮ್ಮನಿಗೆ ಇನ್ನೊಂದು.

ಇದಕ್ಕೆ ಹೊಸ ಪೇಪರ್ ಬರಲಿ ಅಂತ ಕಾಯಬೇಕಾಗಿಲ್ಲ. ಬಿಕಾಂ, ಬಿಬಿಎಯಲ್ಲಿ ಈಗ ಬ್ರೇಕ್ ಈವನ್, ಬಜೆಟ್ ಕಲಿಸ್ತಾರೆ. ಬ್ರೇಕ್ ಈವನ್ ಲೆಕ್ಕವನ್ನ ಒಂದೇ ಅಂಕಿಗೆ ಮಾಡುವ ಬದಲು ನಾಲ್ಕು ಸನ್ನಿವೇಶಕ್ಕೆ ಮಾಡಿಸಿದರೆ ಅರ್ಧ ಕೆಲಸ ಆಯಿತು. ಮೇಷ್ಟ್ರು ನಾಲ್ಕು ಪೀರಿಯಡ್ ಕೊಟ್ಟರೆ ಸಾಕು. ಮೊದಲ ದಿನ ಹುಡುಗರು ತಮ್ಮ ಊರಿನ ಒಂದು ಅಂಗಡಿ ಅಥವಾ ಮಿಲ್ಲಿನ ಪ್ರಶ್ನೆ ತರಲಿ. ಎರಡನೇ ದಿನ ಖಚಿತ, ಅನಿಶ್ಚಿತ ಪಟ್ಟಿ. ಮೂರನೇ ದಿನ ನಾಲ್ಕು ಮನೆ, ನಾಲ್ಕು ಹೆಸರು, ಲೆಕ್ಕ. ನಾಲ್ಕನೇ ದಿನ ಆ ಅಂಗಡಿಯವರನ್ನೇ ಕರೆಸಿ ಕೂರಿಸಿ ಕೇಳಿ, 'ಇದರಾಗ ಏನ್ ತಪ್ಪದ ಹೇಳ್ರಿ' ಅಂತ. ಪುಸ್ತಕದಲ್ಲಿ ಇಲ್ಲದ್ದು ಅವತ್ತು ಕಲಿಯಲು ಸಿಗುತ್ತದೆ.

ಎಡವುವ ಜಾಗಗಳು

ಮೊದಲನೆಯದು, 'ಒಳ್ಳೇದು, ಕೆಟ್ಟದ್ದು, ನಡುವಿನದು' ಅಂತ ಮೂರು ಬರೆದು ನಡುವಿನದನ್ನ ಹಿಡಿಯೋದು. ಅದು ಮತ್ತೆ ಹಳೇ ಅಂದಾಜೇ, ಅಂಗಿ ಮಾತ್ರ ಹೊಸದು.

ಎರಡನೆಯದು, ನಾಲ್ಕು ಮನೆ ಬರೆದೆ, ಇನ್ನ ಐದನೇದು ಬರಲ್ಲ ಅಂದುಕೊಳ್ಳೋದು. 2024ರ ಆಗಸ್ಟ್ 10ರಂತೆ ಯಾರ ಪಟ್ಟಿಯಲ್ಲೂ ಇಲ್ಲದ್ದು ಒಂದು ರಾತ್ರಿಯಲ್ಲಿ ಬರಬಹುದು. ಇಂಥದ್ದಕ್ಕೆ ಭವಿಷ್ಯ ಅಧ್ಯಯನದವರು 'ವೈಲ್ಡ್ ಕಾರ್ಡ್' ಅಂತಾರೆ. ಅದನ್ನ ಊಹಿಸಲು ಆಗಲ್ಲ, ಆದರೆ ಒಂದು ಕಂತಿನಷ್ಟು ರೊಕ್ಕ ಬದಿಗಿಡಲು ಆಗುತ್ತದೆ.

ಮೂರನೆಯದು, ಬರೆದು ಮಡಚಿ ಇಡೋದು. ವಾಕ್ ಒತ್ತಿ ಹೇಳಿದ್ದೇ ಇದು: ತೀರ್ಮಾನ ತಗೊಳ್ಳುವವರ ತಲೆಯೊಳಗಿನ ನಕ್ಷೆ ಬದಲಾಗದಿದ್ದರೆ ಸನ್ನಿವೇಶ ಬರೀ ಕಾಗದ. ಮನೆಯಲ್ಲಿ ರೊಕ್ಕದ ತೀರ್ಮಾನ ಯಾರದೋ ಅವರು ಆ ಮಾತುಕತೆಯಲ್ಲಿ ಕೂತಿರಬೇಕು.

ಇನ್ನೊಂದು ಮಾತು ಮುಚ್ಚಿಡೋ ಹಾಗಿಲ್ಲ. ಕೂಲಿ ಮಾಡುವ ಮನೆಗೆ ನಾಲ್ಕು ಸನ್ನಿವೇಶ ಬರೆದುಕೊಟ್ಟರೆ ಹೊಟ್ಟೆ ತುಂಬಲ್ಲ. ಗೇಟ್ ಯಾವಾಗ ಬದಲಿಸಬೇಕಿತ್ತು, ನೀರು ಯಾರಿಗೆ ಮೊದಲು, ಕೊನೆ ಭಾಗಕ್ಕೆ ನೀರು ಯಾಕೆ ಮುಟ್ಟಲ್ಲ ಅನ್ನೋದು ಸರ್ಕಾರ ಉತ್ತರಿಸಬೇಕಾದ ಪ್ರಶ್ನೆಗಳು. ಸನ್ನಿವೇಶ ಯೋಜನೆ ಆ ಪ್ರಶ್ನೆ ಕೇಳುವುದನ್ನ ಬಿಡಿಸಬಾರದು. ಬದಲಿಗೆ 'ಒಂದೇ ಸುಗ್ಗಿ ಆದ ವರ್ಷ ಉದ್ಯೋಗ ಖಾತ್ರಿ ಕೆಲಸ ಯಾವ ತಿಂಗಳಿಂದ ಶುರು ಮಾಡ್ತೀರಿ, ಮೇವಿಗೆ ಏನು ವ್ಯವಸ್ಥೆ' ಅಂತ ಪಂಚಾಯ್ತಿಯಲ್ಲಿ, ಗ್ರಾಮಸಭೆಯಲ್ಲಿ ಮುಂಚೆಯೇ ಕೇಳಲು ಇದು ಕೈಗೆ ಒಂದು ಹಿಡಿಕೆ ಕೊಡುತ್ತದೆ.

ನಮ್ಮ ಹಿರಿಯರೂ ಒಂದೇ ನಾಳೆ ನಂಬಲಿಲ್ಲ

19ನೇ ಶತಮಾನದಲ್ಲೇ ಇದೇ ಸಂತೆಕಲ್ಲೂರಿನ ಘನಮಠದ ನಾಗಭೂಷಣ ಶಿವಯೋಗಿಗಳು 'ಕೃಷಿ ಜ್ಞಾನ ಪ್ರದೀಪಿಕೆ' ಎಂಬ ಬೇಸಾಯದ ಪುಸ್ತಕ ಬರೆದರು. ಒಕ್ಕಲುತನಕ್ಕೂ ಬರೆದಿಟ್ಟ ತಿಳಿವಳಿಕೆ ಬೇಕು ಅಂತ ಈ ಊರು ಅಷ್ಟು ಹಿಂದೆಯೇ ತೋರಿಸಿತ್ತು. ಇನ್ನ ಎರಿ ಹೊಲದ ಹಿರಿಯರು ಒಂದೇ ಬೆಳೆ ಬಿತ್ತುತ್ತಿರಲಿಲ್ಲ. ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುತ್ತಿದ್ದರು. ಮಳೆ ಬೇಗ ಹೋದರೆ ಒಂದು ಕೈ ಹಿಡಿಯಲಿ, ತಡವಾಗಿ ಬಂದರೆ ಇನ್ನೊಂದು ಅಂತ. ಒಂದು ಹೊಲದಲ್ಲಿ ಎರಡು ನಾಳೆಗೆ ಬಿತ್ತಿದ ಲೆಕ್ಕ ಅದು. ಕಾಲುವೆ ಬಂದು ಎಲ್ಲ ಕಡೆ ಭತ್ತ ಒಂದೇ ಆದಮೇಲೆ ಆ ರೂಢಿ ಹೋಯಿತು, ಅದರ ಹಿಂದಿನ ಯೋಚನೆಯೂ ಹೋಯಿತು.

ಹಾಗಾಗಿ ಮುಂದಿನ ಸಾಲಕ್ಕೆ ಸಹಿ ಹಾಕುವ ಮುಂಚೆ ಇಷ್ಟು ಮಾಡಿ. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಅಡ್ಡ ಉದ್ದ ಎರಡು ಗೆರೆ ಎಳೆಯಿರಿ. ನಿಮ್ಮ ದಂಧೆಗೆ ಅತಿ ಹೆಚ್ಚು ಏಟು ಕೊಡುವ ಎರಡು ಸಂಗತಿ ಯಾವುವು ಅಂತ ಬರೆಯಿರಿ. ನಾಲ್ಕು ಮನೆಗೆ ನಿಮ್ಮದೇ ಮಾತಿನ ಹೆಸರಿಡಿ. ಒಂದೊಂದರಲ್ಲೂ ಕಂತು ಕಟ್ಟಲು ಆಗುತ್ತದಾ ಅಂತ ಲೆಕ್ಕ ಹಾಕಿ. ನಾಲ್ಕರಲ್ಲಿ ಒಂದರಲ್ಲಿ ಮಾತ್ರ ಆಗುತ್ತದೆ ಅಂದರೆ, ಸಾಲ ಬೇಡ ಅಂತಲ್ಲ, ಸಾಲದ ಅಳತೆ ಬದಲಿಸಬೇಕು ಅಂತ ಅರ್ಥ.